ಫ್ರೂಮಾ ಯಾರು ಅಂತ ಕೇಳಿದರೆ

ವಿನ್ನಿಪೆಗ್,
ಹತ್ಯಾಕಾಂಡ ಸ್ಮರಣೆಯ ದಿನದ ಮರುದಿನ

ಪರೀಕ್ಷೆಯ ನೆಪ ಹೇಳಿ ಮಾಂಟ್ರಿಯಲ್‌ನಲ್ಲಿ ಬಾಗಲ್ ರೊಟ್ಟಿ ತಿನ್ನುತ್ತ ವಿರಾಜಿಸುತ್ತಿರುವ ನೆಹಮಾ ಅಕ್ಕನ ಸನ್ನಿಧಿಗೆ, ಈ ಮನೆತನದ ಅಧಿಕೃತ ತಲೆಹರಟೆ ತಿರ್ಜಾಳ ಬಿನ್ನಹ.

ಅಪ್ಪ ಫೋನಿನಲ್ಲಿ "ಎಲ್ಲ ಚೆನ್ನಾಗಿ ಆಯ್ತು" ಅಂದಿರುತ್ತಾನೆ. ನಂಬಬೇಡ. ಸುಳ್ಳಿನ ವಿಷಯದಲ್ಲಿ ಈ ಮನೆಯಲ್ಲಿ ನನ್ನ ಮಾತೇ ಪ್ರಮಾಣ.

ನಮ್ಮ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ, ಯುದ್ಧಕಾಲದಲ್ಲಿ ಹತರಾದ ಯೆಹೂದಿಗಳ ಹೆಸರಿನ ಆರು ಮೇಣದಬತ್ತಿಗಳ ಪಕ್ಕದಲ್ಲಿ ಈ ವರ್ಷ ಏಳನೆಯದೂ ಇತ್ತು. ನಮ್ಮವರನ್ನು ಬಚ್ಚಿಟ್ಟು ಕಾಪಾಡಿದವರಿಗಾಗಿ ಇಟ್ಟ ಆ ಬತ್ತಿಯನ್ನು ಅಜ್ಜಿಯೇ ಹಚ್ಚಬೇಕಿತ್ತು. ಯುದ್ಧದ ಕಾಲದಲ್ಲಿ ತಂಗಿಯ ಮಗಳೆಂದು ಊರಿಗೆಲ್ಲ ಹೇಳಿ ಅಜ್ಜಿಯನ್ನು ಸಾಕಿದ ಯಾದ್ವಿಗಾ ಈಗಿಲ್ಲ. ಆಕೆಯ ಮಗಳು ಹಲೀನಾ ಪೋಲೆಂಡಿನಿಂದ ಬಂದಿದ್ದರು. ಎಲ್ಲರೆದುರು ಒಂದೇ ಮಾತು ಹೇಳಬೇಕೆಂಬುದು ಅಜ್ಜಿಯ ಆಸೆ: "ನಾನು ಫ್ರೂಮಾ. ನಿಮ್ಮಮ್ಮ ನನ್ನನ್ನ ಉಳಿಸಿದ್ರು." ಈ ಚಳಿಗಾಲದಿಂದ ಅವಳ ನೆನಪು ಸೋರಿಹೋಗುತ್ತಿರುವುದು ನಿನಗೆ ಗೊತ್ತು. ಇನ್ನೊಂದು ವರ್ಷ ಕಾಯುವಂತಿರಲಿಲ್ಲ. ದಿನಾ ನಾನೇ ಅಭ್ಯಾಸ ಮಾಡಿಸಿದೆ. ಪೊರಕೆಯನ್ನು ಮೈಕ್ ಮಾಡಿಕೊಂಡು ನಮ್ಮ ಸಿನಗಾಗ್ ಅಧ್ಯಕ್ಷರ ಹಾಗೆ ನಾನು ಗಂಟಲು ಸರಿಮಾಡಿಕೊಂಡರೆ, "ನಿನ್ನ ಭಾಷಣ ಮುಗಿಯೋದ್ರೊಳಗೆ ನಾನು ಸತ್ತಿರ್ತೀನಿ ಕಣೆ" ಅಂತ ನಗುತ್ತಿದ್ದಳು.

ಎಡವಟ್ಟು ಅಪ್ಪನದು, ಪ್ರೀತಿಯಿಂದಲೇ ಮಾಡಿದ್ದು. ಅಜ್ಜಿಗೆ ಖುಷಿಯಾಗಲಿ, ವೇದಿಕೆಯ ಮೇಲೆ ಪೋಲಿಷ್‌ನಲ್ಲೇ ಮಾತಾಡಿಸಿ ಎಂದು ಹಲೀನಾರಿಗೆ ಗುಟ್ಟಾಗಿ ಹೇಳಿದ್ದ. ಅಜ್ಜಿ ಆ ಭಾಷೆ ಆಡಿದ್ದನ್ನು ನಾವು ಯಾವತ್ತಾದರೂ ಕೇಳಿದ್ದೇವೆಯೆ? ಹಲೀನಾ ಅವಳ ಎರಡೂ ಕೈ ಹಿಡಿದು ಏನೋ ಕೇಳಿದರು. ನನ್ನ ಪಕ್ಕದಲ್ಲಿ ಪೋಲಿಷ್ ಬಲ್ಲ, ನಮ್ಮ ಸಿನಗಾಗ್‌ನ ಹಿರಿಯ ಝೆಲಿಗ್ ತಾತ ಕೂತಿದ್ದರು. "ತೆಪ್ಪಗೆ ಕೇಳು, ಕೋತಿ. 'ಫ್ರೂಮಾ ಅಂದ್ರೆ ನೀವೇನಾ' ಅಂತಿದಾಳೆ" ಎಂದು ಉಸುರಿದರು.

ಅಜ್ಜಿಯ ಮುಖ ಬಿಳಿಚಿಕೊಂಡಿತು. ನೆಟ್ಟಗೆ ನಿಂತು, ಪುಟ್ಟ ಹುಡುಗಿಯ ದನಿಯಲ್ಲಿ ಪಟಪಟನೆ ಏನನ್ನೋ ಒಪ್ಪಿಸಿದಳು. ತಾತ ತಡವರಿಸುತ್ತ ಹೇಳಿದರು: "ಫ್ರೂಮಾ ಯಾರೋ ಗೊತ್ತಿಲ್ಲ. ನಾನು ಮರೀಸ್ಯಾ. ಯಾದ್ವಿಗಾ ನಮ್ಮ ದೊಡ್ಡಮ್ಮ. ನಮ್ಮನೇಲಿ ಯೆಹೂದಿಗಳು ಯಾರೂ ಇಲ್ಲ."

ಆಮೇಲೆ, ಅಕ್ಕಾ, ನಮ್ಮ ಪವಿತ್ರ ಗ್ರಂಥ ತೋರಾ ಇಟ್ಟ ಕಪಾಟಿನ ಎದುರಲ್ಲೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಕಣ್ಣು ಮುಚ್ಚಿ, ಮೇರಿ ಮಾತೆಯ ಪ್ರಾರ್ಥನೆ ಶುರುಮಾಡಿದಳು. ಅಪ್ಪ ಮೈಕ್ ಆರಿಸಲು ಹೋಗಿ ಸಭಾಂಗಣದ ದೀಪಗಳನ್ನೇ ಆರಿಸಿದ. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ವರ್ಷವಿಡೀ ಅವನ ಕಾಲೆಳೆಯುತ್ತಿದ್ದೆ.

ಹಲೀನಾರಿಗೆ ಅರ್ಥವಾಯಿತು. ಸೈನಿಕರು ಬಂದು ವಿಚಾರಿಸಿದಾಗಲೆಲ್ಲ, ಕಲಿಸಿಕೊಟ್ಟದ್ದನ್ನು ಆ ಮಗು ಒಂದು ಸಲವೂ ತಪ್ಪು ಹೇಳಲಿಲ್ಲ ಎಂದು ಅವರಮ್ಮ ಹೇಳುತ್ತಿದ್ದರಂತೆ. ಮೊಣಕಾಲೂರಿ, "ಸರಿಯಾಗಿ ಹೇಳ್ದೆ ಮರೀಸ್ಯಾ. ಅವರೆಲ್ಲ ಹೊರಟುಹೋದ್ರು" ಅಂದರು. ಅಜ್ಜಿ ಕಣ್ಣು ತೆರೆದು ಸಭೆಯತ್ತ ನೋಡಿದಳು. "ಇಲ್ಲ, ಹೋಗಿಲ್ಲ. ನೋಡು, ಎಷ್ಟು ಜನ ಕೂತಿದಾರೆ" ಅಂದಳಂತೆ.

ನನ್ನನ್ನೂ ನೋಡಿದಳು. ಅವಳನ್ನು ಯಾವಾಗಲೂ ನಗಿಸುವ ಆ ಕೆಟ್ಟ ಮೂತಿ ಮಾಡಿ ತೋರಿಸಿದೆ. ಅವಳು ಹಲೀನಾರ ಬೆನ್ನ ಹಿಂದೆ ಸರಿದು ಅಡಗಿಕೊಂಡಳು.

ಏಳನೆಯ ಬತ್ತಿಯನ್ನು ಕೊನೆಗೆ ಅಪ್ಪ ಹಚ್ಚಿದ. ಅಜ್ಜಿ ಹೇಳಬೇಕಿದ್ದ ಆ ಒಂದು ಮಾತು ಹೇಳದೆಯೇ ಉಳಿಯಿತು. ಹಲೀನಾ ನಾಳೆ ಹೊರಡುತ್ತಾರೆ. ನೀನು ಬಂದರೂ ಆಗುವಂಥದ್ದು ಏನಿಲ್ಲ. ಆದರೂ ಬಾ.

ಏನೂ ತೋಚದೆ ಕೂತಿರುವ
ನಿನ್ನ ತಂಗಿ,
ತಿರ್ಜಾ

ತಾ.ಕ.: ಬೆಳಿಗ್ಗೆ ಅಜ್ಜಿ ನನ್ನ ಹೆಸರು ಕೇಳಿದಳು. ತಿರ್ಜಾ ಅಂದೆ. ತಟ್ಟನೆ ನನ್ನ ಬಾಯಿ ಮುಚ್ಚಿ, "ಆ ಹೆಸರು ಹೇಳಿದ್ರೆ ಕರ್ಕೊಂಡು ಹೋಗ್ತಾರೆ. ಇನ್ಮೇಲೆ ನೀನು ಕ್ರಿಸ್ಯಾ" ಅಂದಳು. ಪ್ರಾರ್ಥನೆಯನ್ನೂ ಕಲಿಸುತ್ತಿದ್ದಾಳೆ. ನಗಲಿ ಎಂದು ಒಮ್ಮೆ ಬೇಕೆಂದೇ ತಪ್ಪು ಹೇಳಿದೆ. ಹೆದರಿ ಕೂತಲ್ಲೇ ಒದ್ದೆ ಮಾಡಿಕೊಂಡಳು. ಈಗ ತಪ್ಪಿಲ್ಲದೆ ಹೇಳುತ್ತೇನೆ. ಅಪ್ಪನಿಗೆ ತಿಳಿಸಬೇಡ.