ನಾಲ್ಕು ತುಂಡು ಮರ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಇವಳೇ,

ಎದುರಿಗಿದ್ದಾಗ ಕೂಗುವುದೇ ಹೀಗೆ, ಕಾಗದದಲ್ಲೂ ಹಾಗೇ ಇರಲಿ. ಅತ್ತೆಯವರ ಕೈಯ ಕಟ್ಟು ಬಿಚ್ಚಿದರೇ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಾವಿಬ್ಬರೂ ಚೆನ್ನಾಗಿದ್ದೇವೆ, ಅಂದರೆ ಮಗಳು ಚೆನ್ನಾಗಿದ್ದಾಳೆ, ನನ್ನದು ಬರೀ ಹೊಟ್ಟೆಯುರಿ.

ನಿನ್ನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಪ್ರಾಜೆಕ್ಟ್ ಮಾಡಬೇಕಂತೆ. ವಿಷಯ ಏನು ಗೊತ್ತೇ? ಯಾವ ಮರ ನೀರು ಕುಡಿದು ಎಷ್ಟು ಉಬ್ಬುತ್ತದೆ ಎಂಬುದು. ಮರ! ಇಪ್ಪತ್ತಾರು ವರ್ಷದಿಂದ ಬಡಗಿ ಕೆಲಸ ಮಾಡುವ ಅಪ್ಪ ಕೆಳಗೆ ಕೂತಿದ್ದರೆ, ಇವಳು ನೋಟ್‌ಬುಕ್ ಎತ್ತಿಕೊಂಡು ಮಹಡಿ ಮನೆಯ ಮೇಷ್ಟ್ರ ಹತ್ತಿರ ಓಡಿದಳು. ಒಂದು ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ ಮಹಾನುಭಾವರು ಅವರು. ಹಿತ್ತಲ ಗಿಡ ಮದ್ದಲ್ಲ, ಬಿಡು. ದಿನಾ ಊಟಕ್ಕೆ ಕೂತರೆ "ಮೇಷ್ಟ್ರು ಹಂಗಂದ್ರು, ಮೇಷ್ಟ್ರು ಹಿಂಗಂದ್ರು." ಮಳೆಗಾಲದಲ್ಲಿ ಬಾಗಿಲು ಯಾಕೆ ಬಿಗಿಯುತ್ತದೆ ಎಂದು ನಾನು ಹೇಳಹೊರಟರೆ, "ಅಪ್ಪಾ, ಇದು ಸೈನ್ಸು, ನಿಂಗೆ ಗೊತ್ತಾಗಲ್ಲ" ಎಂದಳು. ತಟ್ಟೆ ಎತ್ತಿಕೊಂಡು ಎದ್ದುಬಿಟ್ಟೆ ಕಣೇ.

ಪ್ರಾಜೆಕ್ಟಿನ ಯೋಜನೆ ಬರೆದು ಶಾಲೆಗೆ ಒಪ್ಪಿಸುವ ಮುಂಚೆ ಒಮ್ಮೆ ಮಾಡಿ ನೋಡಬೇಕಂತೆ. ನಾಲ್ಕು ಜಾತಿಯ ಮರದ ತುಂಡುಗಳನ್ನು ಒಂದೇ ಅಳತೆಗೆ ಕೊಯ್ದು ಕೊಟ್ಟೆ. ನನ್ನ ಪಾಲಿಗೆ ಬಂದದ್ದು ಅಷ್ಟೇ. ಹತ್ತು ದಿನ ಬಕೆಟ್ಟಿನಲ್ಲಿ ನೆನೆಹಾಕಿ ದಿನವೂ ಅಳೆದು ಬರೆದಳು. ನಿನ್ನೆ ಕೊನೆಯ ಅಳತೆ. ಉಬ್ಬಬೇಕಾದ ತುಂಡುಗಳು ಮೊದಲ ದಿನಕ್ಕಿಂತ ಸಣ್ಣಗಾಗಿದ್ದವು! ಮೇಷ್ಟ್ರು ಕನ್ನಡಕ ಒರೆಸಿ ಒರೆಸಿ ನೋಡಿದರು, ಏನೂ ಹೊಳೆಯಲಿಲ್ಲ. ಶುಕ್ರವಾರದೊಳಗೆ ಸರಿಯಾದ ಯೋಜನೆ ಕೊಡದಿದ್ದರೆ ಪ್ರದರ್ಶನದಿಂದ ಹೆಸರು ತೆಗೆಯುತ್ತಾರೆಂದು ಮಗಳು ತುಂಬಾ ಅತ್ತಳು.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಔಷಧಿಗೆ ಹಟ ಮಾಡಿದರೆ ಅಳಿಯ ಬೈದನೆಂದು ಹೇಳು.

ನಿನ್ನ,
ಇವರು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಮೊನ್ನೆ ಅವಳು ಶಾಲೆಗೆ ಹೋದಾಗ ಬಕೆಟ್ಟಿನಿಂದ ಒಂದು ತುಂಡು ತೆಗೆದು ನೋಡಿದೆ. ಚೆನ್ನಾಗಿಯೇ ಉಬ್ಬಿತ್ತು. ಉಬ್ಬಿದ ಮರ ಕಂಡರೆ ಉಜ್ಜುಗೊರಡು ಹಿಡಿಯುವುದು ಈ ಕೈಗೆ ಅಂಟಿದ ಚಟ, ಉಜ್ಜಿ ಹೆರೆದು ತೆಳ್ಳಗೆ ಮಾಡಿಬಿಟ್ಟೆ. ಅದೊಂದು ಅಭ್ಯಾಸಬಲ. ಉಳಿದ ಮೂರನ್ನು ಉಜ್ಜಿದ್ದು ಹೊಟ್ಟೆಕಿಚ್ಚಿಗೆ, ತಿಳಿದೂ ತಿಳಿದೂ. ಇವತ್ತು ಬೆಳಿಗ್ಗೆ ಅವಳು "ನಿನ್ನನ್ನೇ ಕೇಳ್ಬೇಕಿತ್ತಪ್ಪಾ" ಎಂದು, ನೋಟ್‌ಬುಕ್ಕಿನಲ್ಲಿ ಮಾರ್ಗದರ್ಶಕರು ಎಂಬಲ್ಲಿ ಮೇಷ್ಟ್ರ ಹೆಸರು ಹೊಡೆದುಹಾಕಿ "ನಮ್ಮ ಅಪ್ಪ" ಎಂದು ಬರೆದಳು. ನಾನು ಬೇಡ ಅನ್ನದೆ, ಹೊಸ ನಾಲ್ಕು ತುಂಡು ಕೊಯ್ಯಲು ಕೂತೆ.