ಅಪ್ಪನ ತೋಳಿನ ರಕ್ತನಾಳ

೧೪ ಜೂನ್ ೧೯೫೬, ಗುರುವಾರ

ನನ್ನ ಜೊತೆ ವಾರ್ಡಿನಲ್ಲಿ ನರ್ಸ್ ಆಗಿರುವ ವಿನೋದಿನಿಗೆ ಇವತ್ತೂ ಒಂದೇ ಸಲಕ್ಕೆ ರಕ್ತನಾಳ ಸಿಕ್ಕಿತು. ಅದೂ ನನ್ನ ಅಪ್ಪನ ತೋಳಿನಲ್ಲಿ.

ನರ್ಸಿಂಗ್ ಪರೀಕ್ಷೆಯಲ್ಲಿ ಇದೇ ರಕ್ತನಾಳಗಳ ಪಾಠದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು ಅವಳು. ಹೃದಯದಿಂದ ಹೊರಡುವ ಧಮನಿಯ ಗೋಡೆ ದಪ್ಪ, ಹೃದಯಕ್ಕೆ ಮರಳುವ ಅಭಿಧಮನಿಯದು ತೆಳು, ರಕ್ತ ಹಿಂದೆ ಜಾರದಂತೆ ಅದರೊಳಗೆ ಕವಾಟಗಳಿವೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಾನು ಹೇಳುತ್ತೇನೆ. ಭೇದಿಯಾಗಿ ಮೈಯ ನೀರೆಲ್ಲ ಹೋದರೆ ಆ ತೆಳು ನಾಳ ಕುಗ್ಗಿ ಅಡಗುತ್ತದೆ ಎಂದೂ ಗೊತ್ತು. ಗೊತ್ತಿದ್ದು ಏನು ಬಂತು? ಅಪ್ಪನಿಗೆ ಸಲೈನ್ ಕೊಡಲು ಎರಡು ಸಲ ಚುಚ್ಚಿದೆ, ಎರಡು ಸಲವೂ ತಪ್ಪಿತು.

"ಮಗಾ, ಆ ಇನ್ನೊಬ್ಬಳನ್ನು ಕರಿ. ಅವಳ ಕೈಗುಣ ಒಳ್ಳೆದಂತೆ," ಎಂದರು ಅಪ್ಪ. ಕುರ್ಲಾದ ಹೋಟೆಲಿನಲ್ಲಿ ದೋಸೆ ಹೊಯ್ದು ನನ್ನನ್ನು ಓದಿಸಿದ ಅಪ್ಪ!

ವಿನೋದಿನಿ ಕಣ್ಣು ಮುಚ್ಚಿ ಬೆರಳಿನಿಂದ ತಡವಿದಳು. ನಾನು ಅಪ್ಪನ ಇನ್ನೊಂದು ಕೈ ಹಿಡಿದು ದೇವರನ್ನು ಬೇಡಿಕೊಳ್ಳುತ್ತಿದ್ದೆ: ತಪ್ಪಲಿ, ಇವಳದೂ ತಪ್ಪಲಿ.

ನನ್ನ ತುಟಿ ಅಲುಗುವುದನ್ನು ಅಪ್ಪ ನೋಡಿದರು. ನನ್ನ ಬೆರಳು ಒತ್ತಿ, "ಹೆದರ್ಬೇಡ ಮಗಾ, ಸಿಗ್ತದೆ," ಎಂದರು.