ಮಯ್ಮೂನಾ ತಂದ ಎರಡು ತಟ್ಟೆ

ಕೇಪ್‌ಟೌನ್, 1969

ನವೆಂಬರ್ 14, ಶುಕ್ರವಾರ
ಪ್ರೆಸ್ಸಿನಿಂದ ಬಂದೆ. ಕೈ ತೊಳೆದೆ, ಶಾಯಿ ಹೋಗಲಿಲ್ಲ. ಇನ್ಸ್‌ಪೆಕ್ಟರಿಗೆ ಕೊಡುವ, ಮನೆಯಲ್ಲಿರುವವರ ಪಟ್ಟಿ ಮತ್ತೆ ಬರೆದೆ — ನಾನು, ಹೆಂಡತಿ ಜವಾಯಾ. ಅಷ್ಟೇ. ತಂಗಿ ರುಗಾಯಾಳ ಹೆಸರಿಲ್ಲ. ಸರ್ಕಾರ ಕೊಟ್ಟ ಜನಾಂಗದ ಕಾರ್ಡಿನಲ್ಲಿ ನಾನು ಮಲಯ, ಅವಳು ಇಂಡಿಯನ್. ಅವಳನ್ನು ಕಟ್ಟಿಕೊಂಡವನ ಅಪ್ಪ ರತ್ನಾಗಿರಿಯವನಂತೆ... ಗಂಡ ಸತ್ತು ನಾಲ್ಕು ವರ್ಷ. ಕಾರ್ಡು ಸಾಯಲಿಲ್ಲ.
ಸರ್ಕಾರದ ಆಜ್ಞೆ, ಈ ಬೀದಿ ಇನ್ನು ಬಿಳಿಯರದು. ನಮ್ಮನ್ನು ಕಳಿಸುವುದು ಹ್ಯಾನೋವರ್ ಪಾರ್ಕಿಗೆ. ಅವಳು ಇಲ್ಲಿರುವುದು ತಿಳಿದರೆ ಇಂಡಿಯನ್ನರ ರೈಲ್ಯಾಂಡ್ಸಿಗೆ, ಒಬ್ಬಳನ್ನೇ.

ನವೆಂಬರ್ 18, ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ
ಉಪವಾಸ ಬಿಡಲು ಇಪ್ಪತ್ತು ನಿಮಿಷವಿದ್ದಾಗ ಇನ್ಸ್‌ಪೆಕ್ಟರ್ ಬಂದ. ಸಭ್ಯ ಮನುಷ್ಯ. ರುಗಾಯಾ ಪರದೆಯ ಹಿಂದೆ. ಪಟ್ಟಿ ಓದಿದ, ಪೆನ್ನು ಮುಚ್ಚಿದ, ಎದ್ದ — ಬಾಗಿಲು ತಳ್ಳಿಕೊಂಡು ಎದುರುಮನೆ ಮಯ್ಮೂನಾ. ಎರಡು ತಟ್ಟೆ. ರಂಜಾನಿನಲ್ಲಿ ಮನೆಗೊಂದು ತಟ್ಟೆ. ವಿಧವೆಯದೂ ಒಂದು ಮನೆಯೆಂದೇ ಈ ಬೀದಿಯ ಲೆಕ್ಕ.
"ಇದು ನಿಮ್ದು. ಇದು ರುಗಾಯಾದು, ಇದನ್ನೂ ನೀವೇ ನುಂಗಬೇಡಿ ಅಣ್ಣ, ಹೊಟ್ಟೆ ನೋಡ್ಕೊಳ್ಳಿ."
ಆಮೇಲೆ ಅವನನ್ನು ಕಂಡಳು.
"ರುಗಾಯಾ ಯಾರು?" ಅವನು ಕೇಳಿದ.
"ನನ್ನ ತಂಗಿ. ತೀರಿಕೊಂಡಳು," ಎಂದೆ. "ಸತ್ತವರ ಹೆಸರಿನಲ್ಲೂ ತಟ್ಟೆ ಕೊಡ್ತೀವಿ."
ಮಯ್ಮೂನಾ ತಲೆ ತಗ್ಗಿಸಿದಳು. "ಅಲ್ಲಾ ಕರುಣಿಸ್ಲಿ."
ಅವನು ಹ್ಯಾಟು ತೆಗೆದ. ಏನೋ ಬರೆದುಕೊಂಡ. ಹೋದ.
ಪರದೆ ಅಲುಗಲಿಲ್ಲ.

ನವೆಂಬರ್ 19
ರುಗಾಯಾ ನಮ್ಮಲ್ಲೇ ಉಳಿದಳು. ಅದೇ ತಾನೆ ಬೇಕಿದ್ದುದು?
ಜವಾಯಾ ಅವಳ ಕೈಗೆ ಈರುಳ್ಳಿ ಕೊಟ್ಟಳು. "ಸತ್ತೋರ ಕೈಲಿ ಹೆಚ್ಚಿಸ್ತಾರಾ ಅತ್ತಿಗೆ?" ಇಬ್ಬರೂ ನಕ್ಕರು.
ನನಗೆ ಮಾತ್ರ ಕೇಳುವಂತೆ, ಆಮೇಲೆ: "ನಿನ್ನ ನಾಲಿಗೆ ಒಂಚೂರೂ ತಡವರಿಸ್ಲಿಲ್ವಲ್ಲಣ್ಣ."

ನವೆಂಬರ್ 26
ನಾನು ಬಂದಾಗ ರುಗಾಯಾ ಕೋಟು ಬಿಚ್ಚದೆ ಕೂತಿದ್ದಳು. ತನ್ನ ಹೆಸರು ಬರೆಸಲು ಇನ್ಸ್‌ಪೆಕ್ಟರನ ಆಫೀಸಿಗೆ ಹೋಗಿದ್ದಳಂತೆ.
"ಗುಮಾಸ್ತ ಹುಡುಕಿ, ಸತ್ತಿದ್ದಾಳೆ ಅಂದ. ನಾನೇನಪ್ಪಾ ಅವಳು ಅಂದೆ. ಪಾಪ, ಕುರ್ಚಿ ಕೊಟ್ಟ."
"ಯಾಕೆ ಹೋದೆ? ಜೊತೆಗಿರಬಹುದಿತ್ತು."
"ಪರದೆ ಹಿಂದೆ? ಎಷ್ಟು ವರ್ಷ?" ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು — "ನಿನ್ ಹೆಸರು ಹೇಳ್ಲಿಲ್ಲ. ಹೆದರ್ಬೇಡ."
ಹೆದರಿರಲಿಲ್ಲ ಎಂದು ಬರೆಯಲಾರೆ.

ಡಿಸೆಂಬರ್ 6, ಶನಿವಾರ
ರೈಲ್ಯಾಂಡ್ಸಿಗೆ ಹೋಗುವ ಲಾರಿ ಬಂತು. ಮಂಚ, ಎರಡು ಪೆಟ್ಟಿಗೆ, ಅವಳು. ಡ್ರೈವರ್ ಕಾಗದ ಚಾಚಿದ. ಕಳಿಸಿಕೊಡುವವರ ಸಹಿ, ಪಕ್ಕದಲ್ಲಿ ಸಂಬಂಧ. "ಬೇಗ ಬರೀರಿ, ಇನ್ನೂ ಮೂರು ಮನೆ ಇವೆ."
ಅಣ್ಣ ಎಂದು ಬರೆದರೆ, ತಂಗಿ ಸತ್ತಳೆಂದವನು ನಾನೇ ಎಂದಾಗುತ್ತಿತ್ತು.
'ನೆರೆಮನೆಯವನು.'
ಕಾಗದ ಅವಳ ಕೈಗೆ ಹೋಯಿತು. ಓದಿದಳು. ಲಾರಿಯಿಂದ ಬಗ್ಗಿ, ಗುರುತಿಲ್ಲದವರಿಗೆ ಹೇಳುವಂತೆ, "ಬರ್ತೀನಿ ಸಾರ್" ಅಂದಳು. ನಾನು ಕೈಯೆತ್ತಿದೆ, ನೆರೆಮನೆಯವನಂತೆ.